ಆಸ್ಪತ್ರೆಗೆ ಹೊರಡುವಾಗ ಚೀಲದಲ್ಲಿ ಏನಿರಬೇಕು?



ತಲೆಬರಹವನ್ನು ನೋಡಿ "ಇದು ಅಪ್ಪ-ಅಮ್ಮಂದಿರು ಓದಬೇಕಾದದ್ದು, ನಮಗಲ್ಲ" ಎಂದು ಪುಟ ತಿರುಗಿಸಬೇಡಿ. ಇದನ್ನು ಬರೆದಿರುವುದೇ ನಿಮಗಾಗಿ. ನಮ್ಮ ಮನೆಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾದಾಗ ಆಸ್ಪತ್ರೆಯ ಕೌಂಟರಿನಲ್ಲಿ ಮಾತನಾಡುವವರು ಯಾರು? ಫಾರಂ ಓದಿ ಹೇಳುವವರು ಯಾರು? ನರ್ಸ್ ಬಾಗಿಲಿಗೆ ಬಂದು "ಕೂಡೆ ಆರಾ?" ಎಂದು ಕೇಳಿದಾಗ ಎದ್ದು ನಿಲ್ಲುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ. ಅಪ್ಪನಿಗೆ ಮಲಯಾಳ ಆಫೀಸಿಗೆ ಸಾಕಾಗುವಷ್ಟು ಬರುತ್ತದೆ, ಅಮ್ಮನಿಗೆ ತರಕಾರಿ ಅಂಗಡಿಗೆ ಸಾಕಾಗುವಷ್ಟು. ಊರಿನಿಂದ ಬಂದಿರುವ ಅಜ್ಜ-ಅಜ್ಜಿಗೆ ಅದೂ ಇಲ್ಲ. ಇಲ್ಲಿಯ ಶಾಲೆಯಲ್ಲಿ ಓದಿದವರು ನೀವು. ಆದ್ದರಿಂದ ಆಸ್ಪತ್ರೆಯ ಚೀಲವನ್ನು ಕಟ್ಟಬೇಕಾದವರೂ ನೀವೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ನಡೆದ ಸಂಗತಿ ಇದು. ನನ್ನ ತಾಯಿಗೆ ಆಗ 72 ವರ್ಷ. ತೀರ್ಥಹಳ್ಳಿಯ ಕಡೆಯಿಂದ ಬಂದು ವೈಟ್ಟಿಲದ ನಮ್ಮ ಮನೆಯಲ್ಲಿ ಹಲವು ವರ್ಷ ಇದ್ದರು. ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮಾರನೆಯ ಬೆಳಿಗ್ಗೆ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ, ಮಗಳು ಕ್ಯಾಂಟೀನಿನಲ್ಲಿದ್ದಳು. ಅಮ್ಮ ಎದೆಯ ಕೆಳಗೆ ಕೈಯಿಟ್ಟು "ಸಂಕಟ, ಸಂಕಟ" ಎಂದರಂತೆ. ಪಾಪ, ಆ ಸಿಸ್ಟರ್ ಎಳೆಯ ಹುಡುಗಿ. ಪಕ್ಕದಲ್ಲಿ ಕುಳಿತು ಕೈ ಹಿಡಿದು "ಸಂಕಟಪ್ಪೆಡಂಡ ಅಮ್ಮೇ" ಎಂದು ಸಮಾಧಾನ ಹೇಳುತ್ತಿದ್ದಳು. ಮಲಯಾಳದಲ್ಲಿ ಸಂಕಟವೆಂದರೆ ದುಃಖ ಎಂಬುದು ನಿಮಗೆ ಗೊತ್ತೇ ಇದೆ. ಮನೆಯವರನ್ನು ನೆನೆದು ಅಳುತ್ತಿದ್ದಾರೆ ಎಂದು ಅವಳು ತಿಳಿದುಕೊಂಡಿದ್ದಳು. ಮಗಳು ಬಂದವಳೇ "ಅಜ್ಜಿಗೆ ದುಃಖ ಅಲ್ಲ, ಹೊಟ್ಟೆ ತೊಳಸುತ್ತಿದೆ, ಎದೆಯ ಹತ್ತಿರ ಏನೋ ಹಿಂಡಿದ ಹಾಗೆ ಆಗುತ್ತಿದೆ" ಎಂದು ಮಲಯಾಳದಲ್ಲಿ ಹೇಳಿದಳು. ಸಿಸ್ಟರ್ ತಕ್ಷಣ ಎದ್ದು ಡಾಕ್ಟರನ್ನು ಕರೆದಳು, ಇಸಿಜಿ ತೆಗೆದರು. ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟ ಮೇಲೆ ಅಮ್ಮ ನಿದ್ದೆಹೋದರು. ಆದರೆ ಹೃದಯದ ತೊಂದರೆಯೇ ಆಗಿದ್ದರೆ? ಆ ಹತ್ತು ನಿಮಿಷ ಬಹಳ ದುಬಾರಿಯಾಗುತ್ತಿತ್ತು.

ಇದರಲ್ಲಿ ಸಿಸ್ಟರ್‌ಳ ತಪ್ಪೇನೂ ಇಲ್ಲ. ತಪ್ಪು ನಮ್ಮದು. ಚೀಲದಲ್ಲಿ ಸೀರೆ, ಸೋಪು, ಫ್ಲಾಸ್ಕ್ ಎಲ್ಲವನ್ನೂ ಇಟ್ಟಿದ್ದೆವು, ಅಮ್ಮನ ಮಾತನ್ನು ಇಟ್ಟಿರಲಿಲ್ಲ. ಅದನ್ನೂ ಸೇರಿಸಿ ಚೀಲ ಕಟ್ಟುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಕಾಗದದ ಫೈಲು

ಬಟ್ಟೆ ಮರೆತರೆ ಯಾರಾದರೂ ತಂದುಕೊಡಬಹುದು. ಕಾಗದ ಮರೆತರೆ ದಾಖಲಾತಿಯೇ ನಿಲ್ಲುತ್ತದೆ. ಆದ್ದರಿಂದ ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲು ಕೊಳ್ಳಿ. ನಮ್ಮ ಕೊಚ್ಚಿಯ ಜೂನ್-ಜುಲೈ ಮಳೆಯಲ್ಲಿ ರಟ್ಟಿನ ಫೈಲು ಆಟೋ ಇಳಿಯುವಷ್ಟರಲ್ಲಿ ಒದ್ದೆಯಾಗುತ್ತದೆ. ಅದರೊಳಗೆ ಆಧಾರ್ ಕಾರ್ಡು, ವಿಮೆಯ ಕಾರ್ಡು, ಹಳೆಯ ಡಿಸ್‌ಚಾರ್ಜ್ ಚೀಟಿಗಳು, ಇತ್ತೀಚಿನ ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನ್ ವರದಿಗಳು ಇರಲಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಪ್ರತಿ ತೆಗೆದಿಡಿ. ಮೊಬೈಲಿನಲ್ಲಿ ಫೋಟೋ ಇದ್ದರೂ ಕಾಗದ ಬೇಕೇ ಬೇಕು.

ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ 2019ರಲ್ಲಿ ಆರಂಭವಾಯಿತು. ಅದಕ್ಕೆ ಸೇರಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ. ನಿಮ್ಮ ಮನೆಯವರು ಅದರಲ್ಲಿದ್ದಾರೆಯೇ, ಆ ಆಸ್ಪತ್ರೆಯೂ ಆ ಶಸ್ತ್ರಚಿಕಿತ್ಸೆಯೂ ಯೋಜನೆಯಲ್ಲಿ ಸೇರಿವೆಯೇ ಎಂದು ಮೊದಲೇ ವಿಚಾರಿಸಿ. ಅಜ್ಜ-ಅಜ್ಜಿಯ ಕಾರ್ಡು ಕರ್ನಾಟಕದ್ದಾದರೆ ಈ ವಿಚಾರಣೆ ಇನ್ನೂ ಮುಖ್ಯ. ಮತ್ತೊಂದು ಸಣ್ಣ ಸಂಗತಿ ಅನೇಕರನ್ನು ಕಾಡುತ್ತದೆ. ನಮ್ಮ ಹೆಸರುಗಳಲ್ಲಿ ಊರಿನ ಅಕ್ಷರ ಒಂದು ಕಡೆ ಮುಂದಿರುತ್ತದೆ, ಇನ್ನೊಂದು ಕಡೆ ಹಿಂದಿರುತ್ತದೆ. ಆಧಾರಿನಲ್ಲಿ ಒಂದು ಬಗೆ, ವಿಮೆಯ ಕಾಗದದಲ್ಲಿ ಇನ್ನೊಂದು ಬಗೆ. ದಾಖಲಾಗುವ ದಿನವೇ ಕಾರ್ಡು ತೋರಿಸಿ ಒಂದೇ ರೀತಿ ಬರೆಯಿಸಿ. ಹಣ ಕಟ್ಟುವ ದಿನ ಜಗಳವಾಡುವುದಕ್ಕಿಂತ ಇದು ಲೇಸು.

ಫೈಲಿನ ಮೇಲಿನ ಪುಟದಲ್ಲಿ ಒಂದು ಹಾಳೆಯನ್ನು ನೀವೇ ಬರೆದು ಇಡಿ. ರೋಗಿಯ ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ಹಿಂದೆ ಆದ ಶಸ್ತ್ರಚಿಕಿತ್ಸೆಗಳು, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬುದು, ದಿನವೂ ನುಂಗುವ ಮಾತ್ರೆಗಳ ಹೆಸರು ಮತ್ತು ಹೊತ್ತು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್ ಸಮೇತ ಕೊಂಡೊಯ್ಯಿರಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳು, ಸಕ್ಕರೆ ಕಾಯಿಲೆಯ ಮಾತ್ರೆಗಳು, ಇನ್ಸುಲಿನ್ ಇವುಗಳ ಬಗ್ಗೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಅಜ್ಜ ಕುಡಿಯುವ ಕಷಾಯ, ಲೇಹ್ಯ, ನಾಟಿ ಮದ್ದು ಇವೂ ಆ ಹಾಳೆಯಲ್ಲಿರಲಿ. ಎಲೆ-ಅಡಿಕೆ, ಹೊಗೆಸೊಪ್ಪು, ನಶ್ಯ, ಬೀಡಿ ಇದ್ದರೆ ನಾಚಿಕೊಳ್ಳದೆ ಬರೆಯಿರಿ. ಅರಿವಳಿಕೆ ಕೊಡುವ ಡಾಕ್ಟರಿಗೆ ಇದು ತಿಳಿದಿರಲೇಬೇಕು.

ದಾಖಲೆಗಳು ಆಸ್ಪತ್ರೆಯಲ್ಲಿ ಹೇಗೂ ಇರುತ್ತವೆ ಎಂದು ನಂಬಿ ಕೂರಬಾರದು ಎಂಬುದಕ್ಕೆ ಕಾಸರಗೋಡಿನ ನಮ್ಮವರ ಅನುಭವವೇ ಸಾಕು. ಅಲ್ಲಿಯ ಕನ್ನಡಿಗರು ತಲೆಮಾರುಗಳಿಂದ ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡವರು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ರೋಗಿಗಳ ವಾಹನಗಳೂ ನಿಂತುಹೋದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ಬೇರೆ ಊರಿನ ಬೇರೆ ಡಾಕ್ಟರ ಮುಂದೆ ಕುಳಿತವರಿಗೆ ಕೈಯಲ್ಲಿರುವ ಫೈಲೇ ಆಧಾರ. ಅದು ನಿಮ್ಮ ಮನೆಯ ಬೀರುವಿನಲ್ಲಿ ಸದಾ ಸಿದ್ಧವಾಗಿರಲಿ.

ರೋಗಿಯ ಚೀಲ

ಇದು ಚಿಕ್ಕದಾಗಿರಲಿ. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಉಡುಪೇ ಹಾಕುತ್ತಾರೆ. ಆಮೇಲಿನ ದಿನಗಳಿಗೆ ಸಡಿಲವಾದ ಹತ್ತಿಯ ಬಟ್ಟೆ ಸಾಕು. ಹೆಂಗಸರಿಗೆ ಮುಂದೆ ಗುಂಡಿ ಇರುವ ನೈಟಿ, ಗಂಡಸರಿಗೆ ಲುಂಗಿ ಮತ್ತು ಮುಂದೆ ಗುಂಡಿ ಇರುವ ಅಂಗಿ. ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿರುವಾಗ ತಲೆಯ ಮೇಲಿಂದ ತೊಡುವ ಬಟ್ಟೆ ಹಾಕಿಸುವುದು ದೊಡ್ಡ ಸರ್ಕಸ್. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಸೊಂಟದಲ್ಲಿ ಬಿಗಿಯುವ ಲಾಡಿ, ಇಲಾಸ್ಟಿಕ್ ಬೇಡ. ಹೊರಗೆ ಎಷ್ಟೇ ಸೆಕೆಯಿದ್ದರೂ ಎ.ಸಿ. ವಾರ್ಡಿನಲ್ಲಿ ವಯಸ್ಸಾದವರು ನಡುಗುತ್ತಾರೆ. ಒಂದು ಶಾಲು, ಒಂದು ಜೊತೆ ಕಾಲುಚೀಲ ಇರಲಿ. ಚಪ್ಪಲಿ ಜಾರದಂಥದ್ದಾಗಿರಬೇಕು, ಹಿಮ್ಮಡಿಗೆ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಸಲ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವ ಭಯ ಹೆಚ್ಚು.

ಟವೆಲಿನ ವಿಷಯದಲ್ಲಿ ಮಲಯಾಳಿಗಳನ್ನು ಅನುಸರಿಸಿ. ದಪ್ಪ ಟರ್ಕಿ ಟವೆಲು ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಅವರ ತೋರ್ತು, ನಮ್ಮ ಕಾಸರಗೋಡು-ಮಂಗಳೂರಿನವರ ಬೈರಾಸು, ಇವೇ ಆಸ್ಪತ್ರೆಗೆ ತಕ್ಕದ್ದು. ಮೂರು ಇಟ್ಟುಕೊಳ್ಳಿ. ಬ್ರಷ್, ಪೇಸ್ಟ್, ಬಾಚಣಿಗೆ, ಒಣಗಿದ ತುಟಿಗೆ ಸವರಲು ಸ್ವಲ್ಪ ತುಪ್ಪ ಅಥವಾ ಕೊಬ್ಬರಿ ಎಣ್ಣೆ ಇರಲಿ. ತಲೆ ಎತ್ತದೆ ನೀರು ಕುಡಿಯಲು ಬಾಗುವ ಸ್ಟ್ರಾ ಬಹಳ ಉಪಯೋಗಕ್ಕೆ ಬರುತ್ತದೆ. ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದರೆ ಒಂದು ಪುಟ್ಟ ದಿಂಬು ಬೇಕು. ಕೆಮ್ಮು ಬಂದಾಗ ಅದನ್ನು ಹೊಲಿಗೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿದರೆ ನೋವು ತಗ್ಗುತ್ತದೆ.

ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಈ ಮೂರಕ್ಕೂ ಹೆಸರು ಬರೆದ ಬೇರೆ ಬೇರೆ ಡಬ್ಬಿ ಮಾಡಿ. ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ಇವನ್ನು ತೆಗೆಸುತ್ತಾರೆ. ನೀವು ಜೋಪಾನವಾಗಿಟ್ಟುಕೊಂಡು, ರೋಗಿಗೆ ಎಚ್ಚರವಾದ ಮೇಲೆ ಸಿಸ್ಟರ್ ಒಪ್ಪಿದ ಕೂಡಲೇ ಕೊಡಬೇಕು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವು ವೃದ್ಧರಿಗೆ ಒಂದೆರಡು ದಿನ ಮನಸ್ಸು ಕಲಸಿಹೋಗುತ್ತದೆ. ಎಲ್ಲಿದ್ದೇನೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಇಲ್ಲದವರನ್ನು ಕರೆಯುತ್ತಾರೆ, ಡ್ರಿಪ್ ಕೀಳಲು ನೋಡುತ್ತಾರೆ. ಇದು ಹುಚ್ಚಲ್ಲ, ಹೆದರಬೇಡಿ, ಆದರೆ ಡಾಕ್ಟರಿಗೆ ತಪ್ಪದೆ ಹೇಳಿ. ಕಣ್ಣು ಕಾಣುವಂತೆ, ಕಿವಿ ಕೇಳುವಂತೆ ಮಾಡುವುದು, ಇಂದು ಯಾವ ವಾರ ಎಂದು ಮೆಲ್ಲಗೆ ನೆನಪಿಸುವುದು, ರಾತ್ರಿ ನಿದ್ದೆ ಕೆಡದಂತೆ ನೋಡುವುದು, ಪರಿಚಿತ ದನಿಯಲ್ಲಿ ಮಾತನಾಡುವುದು ಇವುಗಳಿಂದ ಇಂಥ ಗೊಂದಲ ಕಡಿಮೆಯಾಗುತ್ತದೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಜ್ಜಿಗೆ ಪರಿಚಿತವಾದ ದನಿ ಕನ್ನಡದ್ದಲ್ಲವೇ? ಅಷ್ಟಿಷ್ಟು ಕಲಿತಿದ್ದ ಮಲಯಾಳ ಅಂಥ ಹೊತ್ತಿನಲ್ಲಿ ನಾಲಗೆಗೆ ಬಾರದೇ ಹೋಗಬಹುದು.

ಮನೆಯಲ್ಲೇ ಬಿಡಬೇಕಾದದ್ದು

ಬಂಗಾರ. ಬಳೆ, ಓಲೆ, ಮೂಗುತಿ, ಉಂಗುರ, ಕಾಲುಂಗುರ ಎಲ್ಲವನ್ನೂ ಹಿಂದಿನ ದಿನವೇ ಮನೆಯಲ್ಲಿ ತೆಗೆದಿಡಿ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣಗಳಿಂದ ಲೋಹವಿದ್ದಲ್ಲಿ ಸುಟ್ಟ ಗಾಯವಾಗುವ ಸಂಭವವಿದೆ. ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತದೆ. ಕಳೆದುಹೋಗುವ ಭಯವಂತೂ ಇದ್ದೇ ಇದೆ. ತಾಳಿಯನ್ನು ತೆಗೆಯಬೇಕೆಂದಾಗ ಅಮ್ಮಂದಿರ ಮುಖ ಬಾಡುವುದು ಸಹಜ. ಕೊನೆಯ ಗಳಿಗೆಯಲ್ಲಿ ಟ್ರಾಲಿಯ ಮೇಲೆ ಮಲಗಿಸಿ ಬಿಚ್ಚಿಸಿದರೆ ಅದು ಅಪಶಕುನದಂತೆ ತೋರುತ್ತದೆ. ಮೊದಲೇ ಮನೆಯಲ್ಲಿ ದೇವರ ಮುಂದೆ ತೆಗೆದಿಟ್ಟು, ಅದರ ಬದಲು ಅರಿಸಿನದ ದಾರ ಕಟ್ಟಿಕೊಳ್ಳುವವರಿದ್ದಾರೆ. ದಾರ ಇರಬಹುದೇ ಎಂದು ಸಿಸ್ಟರನ್ನು ಕೇಳಿ.

ಉಗುರಿನ ಬಣ್ಣವನ್ನೂ ಅಳಿಸಿ. ಬೆರಳಿಗೆ ಚಿಮಟಿಗೆಯಂತೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನವನ್ನು ಕೊರೋನಾ ಕಾಲದಲ್ಲಿ ನೀವೆಲ್ಲ ಕಂಡಿದ್ದೀರಿ. ಅದರ ತತ್ತ್ವವನ್ನು 1970ರ ದಶಕದಲ್ಲಿ ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ ಕಂಡುಹಿಡಿದರು. ಬೆಳಕು ಬೆರಳಿನ ಮೂಲಕ ಹಾದು ಲೆಕ್ಕ ಹೇಳುತ್ತದೆ. ಗಾಢ ಬಣ್ಣವಾಗಲಿ, ಕಪ್ಪಾಗಿ ಹತ್ತಿದ ಮದರಂಗಿಯಾಗಲಿ ಅಡ್ಡವಿದ್ದರೆ ಲೆಕ್ಕ ತಪ್ಪಬಹುದು.

ತಿಂಡಿಯ ಡಬ್ಬಿಯನ್ನೂ ಶಸ್ತ್ರಚಿಕಿತ್ಸೆಯ ದಿನ ರೋಗಿಯ ಕಣ್ಣಿಗೆ ಬೀಳಿಸಬೇಡಿ. ಸಾಮಾನ್ಯವಾಗಿ ಲಘು ಆಹಾರವನ್ನು 6 ಗಂಟೆ ಮೊದಲೂ ತಿಳಿನೀರನ್ನು 2 ಗಂಟೆ ಮೊದಲೂ ನಿಲ್ಲಿಸಬೇಕೆಂಬುದು ಲೆಕ್ಕ. ಆದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಕಟ್ಟಪ್ಪಣೆ. "ಒಂದು ಲೋಟ ಕಾಫಿ ತಾನೇ" ಎಂದು ಕರಗಬೇಡಿ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ನಿಮ್ಮ ಚೀಲ

ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವವರಿಗೆ 'ಬೈಸ್ಟ್ಯಾಂಡರ್' ಎಂದು ಹೆಸರು, ಅಚ್ಚ ಮಲಯಾಳದಲ್ಲಿ 'ಕೂಟ್ಟಿರಿಪ್ಪುಕಾರ್'. ಕೂಡಿ ಇರುವವರು ಎಂದೇ ಅರ್ಥ. ಬೆಂಗಳೂರಿನಲ್ಲಿ ಇವರನ್ನೇ 'ಅಟೆಂಡರ್' ಎನ್ನುತ್ತಾರೆ. ಹೆಸರು ಏನೇ ಇರಲಿ, ಔಷಧಿ ತರುವುದು, ಬಿಲ್ಲು ಕಟ್ಟುವುದು, ಬಟ್ಟೆ ಒಗೆಯುವುದು, ರಾತ್ರಿ ಎಚ್ಚರವಿರುವುದು ಎಲ್ಲ ಈ ಒಬ್ಬರ ತಲೆಯ ಮೇಲೆ.

ನಿಮಗೆ ಬೇಕಾದದ್ದು ಒಂದು ಚಾಪೆ ಅಥವಾ ತೆಳು ಹಾಸಿಗೆ, ಎರಡು ಹೊದಿಕೆ, ಎರಡು ಜೊತೆ ಬಟ್ಟೆ, ತಟ್ಟೆ-ಲೋಟ-ಚಮಚ, ಚಿಕ್ಕ ಚಾಕು, ಫ್ಲಾಸ್ಕ್, ನೀರಿನ ಬಾಟಲಿ. ಅನೇಕ ಕಡೆ ಬಕೆಟ್ಟು, ಮಗ್ಗೂ ನಿಮ್ಮದೇ ಆಗಬೇಕು, ಮೊದಲೇ ಕೇಳಿಕೊಳ್ಳಿ. ಬಟ್ಟೆ ಒಣಗಿಸಲು ಮೂರು ಮೀಟರ್ ನೈಲಾನ್ ಹಗ್ಗ ಮತ್ತು ಕ್ಲಿಪ್ಪುಗಳು. ಮೊಬೈಲ್ ಚಾರ್ಜರಿನ ವೈರು ಉದ್ದವಿರಲಿ. ಸೊಳ್ಳೆಬತ್ತಿ ಬೇಡವೇ ಬೇಡ, ಆಮ್ಲಜನಕ ಇರುವಲ್ಲಿ ಬೆಂಕಿ ಕೂಡದು. ಚಿಲ್ಲರೆ ಹಣವಿರಲಿ, ಮೊಬೈಲಿನಿಂದ ಹಣ ಕಳಿಸುವ ಕಾಲದಲ್ಲೂ ನೆಟ್‌ವರ್ಕ್ ಕೈಕೊಡುವುದುಂಟು. ಒಂದು ಪೆನ್ನು, ಒಂದು ನೋಟ್‌ಬುಕ್ ಮರೆಯಬೇಡಿ. ಡಾಕ್ಟರು ರೌಂಡ್ಸಿಗೆ ಬರುವುದು ಎರಡು ನಿಮಿಷ. ಕೇಳಬೇಕಾದದ್ದನ್ನು ಮುಂಚೆ ಬರೆದಿಟ್ಟರೆ ಮಾತ್ರ ಕೇಳಲು ನೆನಪಾಗುತ್ತದೆ.

ವೈಟ್ಟಿಲದಲ್ಲಿರುವ ನಮಗೆ ಒಂದು ಅನುಕೂಲವಿದೆ. ಬಸ್ಸು, ಮೆಟ್ರೋ, ದೋಣಿ ಮೂರೂ ಹಬ್ಬಿನಲ್ಲೇ ಸೇರುತ್ತವೆ. ಇಡಪ್ಪಳ್ಳಿ, ಕಳಮಶ್ಶೇರಿಯ ಕಡೆಯ ಆಸ್ಪತ್ರೆಗಳಿಗೆ ಮೆಟ್ರೋದಲ್ಲೇ ಹೋಗಿ ಪಾಳಿ ಬದಲಿಸಿಕೊಳ್ಳಬಹುದು. ಒಬ್ಬರೇ ಮೂರು ರಾತ್ರಿ ಕೂರಬೇಡಿ, ಅಣ್ಣ-ತಂಗಿಯರು ಹಂಚಿಕೊಳ್ಳಿ. ರೋಗಿಯನ್ನು ಮಾತ್ರ ಕಾರಿನಲ್ಲೇ ಕರೆತನ್ನಿ.

ತಿರುವನಂತಪುರಕ್ಕೆ ಹೋಗುವವರ ಚೀಲ ಸ್ವಲ್ಪ ದೊಡ್ಡದಾಗಬೇಕು. ಹೃದಯ ಮತ್ತು ನರಗಳ ಶಸ್ತ್ರಚಿಕಿತ್ಸೆಗೆ ಶ್ರೀ ಚಿತ್ತಿರ ತಿರುನಾಳ್ ಸಂಸ್ಥೆ, ಕ್ಯಾನ್ಸರಿಗೆ 1981ರಲ್ಲಿ ಸ್ಥಾಪನೆಯಾದ ರೀಜನಲ್ ಕ್ಯಾನ್ಸರ್ ಸೆಂಟರ್, ಎರಡೂ ಅಲ್ಲಿಯ ಮೆಡಿಕಲ್ ಕಾಲೇಜಿನ ಆವರಣದಲ್ಲಿವೆ. ಕಾಸರಗೋಡಿನಿಂದಲೂ ನಮ್ಮವರು ರಾತ್ರಿಯ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಮ್ಮ ದೇಶದಲ್ಲೇ ರೂಪಿಸಿದ ಕೃತಕ ಹೃದಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದ್ದು ಶ್ರೀ ಚಿತ್ರಾದಲ್ಲೇ. ಅಂಥ ಯಾಂತ್ರಿಕ ಕವಾಟ ಇರುವವರು ಜೀವನವಿಡೀ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕಾಗುತ್ತದೆ. ಅವರ ಪರೀಕ್ಷೆಯ ಪುಸ್ತಕ ಮುಂದೆ ಯಾವ ಆಸ್ಪತ್ರೆಗೆ ಹೋದರೂ ಫೈಲಿನಲ್ಲಿರಲೇಬೇಕು. ಕ್ಯಾನ್ಸರ್ ರೋಗಿಗಳಿಗೂ ಹೃದಯ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಜೊತೆಗಾರರೊಬ್ಬರಿಗೂ ರೈಲು ಟಿಕೆಟಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಪಡೆಯಿರಿ.

ರಕ್ತ ಬೇಕಾಗಬಹುದೆಂದು ಹೇಳಿದರೆ ದಾನಿಗಳ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. 18 ವರ್ಷ ತುಂಬಿ, 45 ಕಿಲೋ ತೂಕವಿದ್ದು, ಆರೋಗ್ಯವಾಗಿರುವವರು ರಕ್ತ ಕೊಡಬಹುದು. ಹುಡುಗರು 90 ದಿನಕ್ಕೊಮ್ಮೆ, ಹುಡುಗಿಯರು 120 ದಿನಕ್ಕೊಮ್ಮೆ. ನಮ್ಮ ಸಂಘದ ಯುವಕ-ಯುವತಿಯರು ಸೇರಿ ಇಂಥ ಪಟ್ಟಿಯೊಂದನ್ನು ಮಾಡಿಟ್ಟರೆ ಯುಗಾದಿಯ ನಾಟಕಕ್ಕಿಂತ ದೊಡ್ಡ ಕೆಲಸವಾದೀತು.

ಮಾತಿನ ಚೀಟಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡ-ಮಲಯಾಳ ಅಕ್ಕತಂಗಿಯರು. ಅದೇ ಇಲ್ಲಿಯ ತೊಡಕು. ಪೂರ್ತಿ ಅರ್ಥವಾಗದ ಭಾಷೆಯಾದರೆ ಇಬ್ಬರೂ ಎಚ್ಚರದಿಂದಿರುತ್ತಾರೆ. ಅರ್ಥವಾದಂತೆ ತೋರುವ ಪದಗಳೇ ಮೋಸ ಮಾಡುತ್ತವೆ.

'ಸಂಕಟ'ದ ಕಥೆ ಹೇಳಿದೆ. ಇನ್ನು ಕೆಲವು ನೋಡಿ. ಸಿಸ್ಟರ್ ಬಂದು "ನಲ್ಲ ಕ್ಷೀಣಮುಂಡ್" ಎಂದರೆ ರೋಗಿಗೆ ಆಯಾಸವಿದೆ ಎಂದಷ್ಟೇ ಅರ್ಥ. ಅಜ್ಜಿಯ ಕಿವಿಗೆ ಅದು 'ಕ್ಷೀಣಿಸುತ್ತಿದ್ದಾರೆ' ಎಂದು ಕೇಳಿಸುತ್ತದೆ, ಎದೆ ಧಸಕ್ಕೆನ್ನುತ್ತದೆ. 'ಮುರಿವ್' ಎಂದರೆ ಗಾಯ. ಅಜ್ಜ ಮೂಳೆ ಮುರಿದಿದೆ ಎಂದುಕೊಳ್ಳುತ್ತಾರೆ. 'ನೀರ್' ಎಂದರೆ ಅವರಿಗೆ ಬಾವು, ನಮಗೆ ಕುಡಿಯುವ ನೀರು. 'ಪನಿಯುಂಡೋ' ಎಂದು ಕೇಳಿದರೆ ಜ್ವರದ ವಿಚಾರ. 'ಬೋಧಂ' ಎಂದರೆ ಪ್ರಜ್ಞೆ, ಬೋಧನೆಯಲ್ಲ. ನಿಮಗೆ ಇವೆಲ್ಲ ನಗು ತರಿಸಬಹುದು. ಹಾಸಿಗೆಯಲ್ಲಿ ಮಲಗಿದವರಿಗೆ ನಗು ಬರುವುದಿಲ್ಲ.

ಇನ್ನು ನಮ್ಮ ಕಡೆಯ ಮಾತುಗಳು. ನೋವು ಎಂಬುದು ಒಂದೇ ಅಲ್ಲ. ಉರಿ ಬೇರೆ, ಸೆಳೆತ ಬೇರೆ, ಸಿಡಿತ ಬೇರೆ, ಚುಚ್ಚುವುದು ಬೇರೆ, ಹಿಂಡುವುದು ಬೇರೆ, ಜುಮ್ಮೆನ್ನುವುದು ಬೇರೆ. ಯಾವುದು ಎಂಬುದರ ಮೇಲೆ ಡಾಕ್ಟರ ತೀರ್ಮಾನ ನಿಂತಿರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಅಜ್ಜಿ ನೋವಿಗೆ 'ಬ್ಯಾನಿ' ಎನ್ನುತ್ತಾರೆ, ಕಷ್ಟಕ್ಕೆ 'ತ್ರಾಸು' ಎನ್ನುತ್ತಾರೆ. ಕಾಸರಗೋಡಿನ ಹವ್ಯಕರ ಅಜ್ಜಿಗೆ ಬಾಯಾರಿದರೆ 'ಆಸರು'. ಮನೆಯಲ್ಲೇ ಬೆಳೆದ ನಿಮಗೂ ಇವುಗಳಲ್ಲಿ ಕೆಲವು ಸರಿಯಾಗಿ ತಿಳಿದಿರಲಿಕ್ಕಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಎರಡು ದಿನ ಮೊದಲು ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿ. "ಅಜ್ಜಿ, ಹೊಟ್ಟೆ ಹೀಗಾದರೆ ನೀವು ಏನು ಹೇಳ್ತೀರಿ? ತಲೆ ತಿರುಗಿದರೆ? ಉಸಿರು ಸಿಕ್ಕದಿದ್ದರೆ?" ಅವರ ಬಾಯಲ್ಲಿ ಬಂದ ಪದವನ್ನೇ ಬರೆದುಕೊಳ್ಳಿ.

ಆಮೇಲೆ ಒಂದು ದಪ್ಪ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಎಡಗಡೆ ಅಜ್ಜಿಯ ಪದ, ಬಲಗಡೆ ಮಲಯಾಳದ ಅರ್ಥ. ನೋವಿಗೆ ವೇದನ, ಉರಿಗೆ ಎರಿಚ್ಚಿಲ್, ಓಕರಿಕೆಗೆ ಓಕ್ಕಾನಂ, ತಲೆಸುತ್ತಿಗೆ ತಲಕರಕ್ಕಂ, ಉಸಿರುಕಟ್ಟುವುದಕ್ಕೆ ಶ್ವಾಸಂಮುಟ್ಟಲ್, ಮರಗಟ್ಟುವುದಕ್ಕೆ ಮರವಿಪ್ಪ್. ಬಾಯಾರಿಕೆ, ಚಳಿ, ಮೂತ್ರ, ಬಚ್ಚಲು ಇವೂ ಇರಲಿ. ಕನ್ನಡ ಪದವನ್ನು ಮಲಯಾಳ ಲಿಪಿಯಲ್ಲಿ ಬರೆಯಿರಿ, ಸಿಸ್ಟರ್ ಓದುವಂತಾಗಬೇಕಲ್ಲ! ಕನ್ನಡ ಅಕ್ಷರ ಬರೆಯಲು ತಡವರಿಸುತ್ತೀರಿ ಎಂದು ನಿಮ್ಮನ್ನು ನಾವು ಹಿರಿಯರು ಎಷ್ಟೋ ಸಲ ಗದರಿದ್ದೇವೆ. ಇಲ್ಲಿ ನಿಮ್ಮ ಮಲಯಾಳ ಲಿಪಿಯೇ ಅಜ್ಜಿಯ ಕನ್ನಡವನ್ನು ಕಾಯುತ್ತದೆ.

ಕಾರ್ಡಿನ ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ ಎಳೆದು, ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರ ಬಿಡಿಸಿ. ನೋವು ಎಷ್ಟು ಎಂದು ಆಸ್ಪತ್ರೆಗಳಲ್ಲಿ ಹೀಗೆಯೇ ಕೇಳುತ್ತಾರೆ. ನಮ್ಮ ಹಿರಿಯರಿಗೆ ಎಲ್ಲವನ್ನೂ ನುಂಗಿಕೊಂಡು "ಪರವಾಗಿಲ್ಲ" ಎನ್ನುವ ಅಭ್ಯಾಸ. ನೋವಿದ್ದರೆ ಆಳವಾಗಿ ಉಸಿರಾಡಲು, ಕೆಮ್ಮಲು, ನಡೆಯಲು ಆಗುವುದಿಲ್ಲ, ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ಹೇಳುವುದೇ ಹಿತ ಎಂದು ಮೊದಲೇ ತಿಳಿಸಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ವಾಯು ಹೋಯಿತೇ ಎಂದು ಸಿಸ್ಟರ್ ಕೇಳುತ್ತಾರೆ, ಅಜ್ಜಿ ನಾಚಿ ಸುಮ್ಮನಾಗುತ್ತಾರೆ. ಕರುಳು ಕೆಲಸ ಆರಂಭಿಸಿದ್ದರ ಗುರುತು ಅದು, ನಾಚಿಕೆಯ ಮಾತಲ್ಲ ಎಂದು ಹೇಳಿಕೊಡಿ.

ಮೊಬೈಲಿನಲ್ಲಿ ಭಾಷಾಂತರ ಮಾಡಬಹುದಲ್ಲ ಎನ್ನುವಿರಿ. ತೀವ್ರನಿಗಾ ಘಟಕದ ಬಾಗಿಲಲ್ಲಿ ನಿಮ್ಮನ್ನೂ ಮೊಬೈಲನ್ನೂ ನಿಲ್ಲಿಸುತ್ತಾರೆ. ಕಾರ್ಡು ಮಾತ್ರ ಒಳಗೆ ಹೋಗಬಲ್ಲದು. ಸಿಸ್ಟರ್ ಕೈಗೆ ಕೊಟ್ಟು ವಿನಯದಿಂದ ಹೇಳಿ, ಬೇಡ ಎನ್ನುವವರು ವಿರಳ. ಹಾಗೆಯೇ "ಸಿಸ್ಟರ್‌ಗೆ ಕನ್ನಡ ಬರುತ್ತದೆಯೇ?" ಎಂದೂ ಒಮ್ಮೆ ಕೇಳಿ ನೋಡಿ. ಕೇರಳದ ಎಷ್ಟೋ ಹುಡುಗಿಯರು ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬಂದವರು. ಅಲ್ಲಿಯ ವಾರ್ಡುಗಳಲ್ಲಿ ಕನ್ನಡದ ಅಜ್ಜಿಯರಿಂದಲೇ ಕನ್ನಡ ಕಲಿತವರು. "ಸ್ವಲ್ಪ ಸ್ವಲ್ಪ ಗೊತ್ತು" ಎಂಬ ಉತ್ತರ ಬಂದರೆ ಅಜ್ಜಿಯ ಅರ್ಧ ಕಾಯಿಲೆ ಅಲ್ಲೇ ವಾಸಿ.

ಒಪ್ಪಿಗೆಯ ಫಾರಂ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಸಹಿ ಹಾಕಿಸುವ ಮೊದಲು ಅದರಲ್ಲಿರುವುದನ್ನು ಕನ್ನಡದಲ್ಲಿ ಹೇಳಿ, ಡಾಕ್ಟರ ಎದುರಿನಲ್ಲೇ. ಹೆದರುತ್ತಾರೆಂದು ಮುಚ್ಚಿಡಬೇಡಿ, ನಿಮ್ಮದನ್ನೂ ಸೇರಿಸಬೇಡಿ. ತಿಳಿಯುವ ಭಾಷೆಯಲ್ಲಿ ವಿವರ ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಮೊದಲ ಹೆಜ್ಜೆಯೇ ರೋಗಿಯಿಂದ ಹೆಸರು, ಯಾವ ಶಸ್ತ್ರಚಿಕಿತ್ಸೆ, ಯಾವ ಜಾಗ ಎಂದು ಖಚಿತಪಡಿಸಿಕೊಳ್ಳುವುದು. ದೆಹಲಿಯದೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. "ಎಡಗಾಲೋ ಬಲಗಾಲೋ" ಎಂದು ಕೇಳಿದಾಗ ಅಜ್ಜ ಸುಮ್ಮನೆ ತಲೆಯಾಡಿಸುವಂತಾಗಬಾರದು. ಆ ಎರಡು ಪದಗಳನ್ನಾದರೂ ಹಿಂದಿನ ರಾತ್ರಿ ಅವರಿಗೆ ಕಲಿಸಿ: 'ಇಡದ್' ಎಂದರೆ ಎಡ, 'ವಲದ್' ಎಂದರೆ ಬಲ.

ಮನೆಗೆ ಮರಳುವ ದಿನ

ಡಿಸ್‌ಚಾರ್ಜ್ ಎಂದ ಕೂಡಲೇ ಎಲ್ಲರಿಗೂ ಅವಸರ. ನೀವು ಮಾತ್ರ ಹತ್ತು ನಿಮಿಷ ನಿಲ್ಲಿ. ಯಾವ ಮಾತ್ರೆ ಯಾವ ಹೊತ್ತಿಗೆ, ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಸ್ನಾನ ಯಾವಾಗ, ಹೊಲಿಗೆ ಬಿಚ್ಚುವುದು ಯಾವ ದಿನ, ಊಟದಲ್ಲಿ ಪಥ್ಯವೇನು ಎಂದು ಕೇಳಿ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಇಲ್ಲಿಯವರ ಪೊಡಿಯರಿ ಕಞ್ಞಿ ನಮ್ಮ ನುಚ್ಚಿನ ಗಂಜಿಯೇ, ಅಜ್ಜಿಗೆ ಅದು ಹೊಸದಲ್ಲ. ಜ್ವರ, ಗಾಯ ಕೆಂಪಾಗುವುದು, ಕೀವು, ಮೀನಖಂಡದಲ್ಲಿ ನೋವು ಅಥವಾ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಅಥವಾ ಎದೆಯಲ್ಲಿ ಸಂಕಟವೆಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ನನ್ನ ತಾಯಿ ಗುಣವಾಗಿ ಮನೆಗೆ ಬಂದ ಮೇಲೆ ಬಹಳ ದಿನ ಆ ಸಿಸ್ಟರ್‌ಳನ್ನು ನೆನೆಯುತ್ತಿದ್ದರು. "ಭಾಷೆ ತಿಳಿಯದಿದ್ದರೂ ಕೈ ಹಿಡಿದಳಲ್ಲ" ಎನ್ನುತ್ತಿದ್ದರು. ಮಗಳನ್ನು ಕರೆದು "ನೀನು ಬಂದೆ, ಬದುಕಿದೆ" ಎಂದೂ ಹೇಳುತ್ತಿದ್ದರು. ಅಂದಿನಿಂದ ನಮ್ಮ ಮನೆಯ ಫೈಲಿನಲ್ಲಿ ಮಗಳು ಬರೆದ ಕಾರ್ಡೊಂದು ಇದೆ. ಅದರ ಮೊದಲ ಸಾಲಿನಲ್ಲಿ 'ಸಂಕಟ' ಎಂದಿದೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದಾಗಬಾರದು. ನಿಮ್ಮ ಮನೆಯಲ್ಲಿ ಯಾರಿಗೂ ಶಸ್ತ್ರಚಿಕಿತ್ಸೆಯ ಅಗತ್ಯ ಬಾರದಿರಲಿ ಎಂಬುದೇ ನಮ್ಮ ಹಾರೈಕೆ. ಆದರೂ ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಅಜ್ಜಿಯ ಪಕ್ಕದಲ್ಲಿ ಕುಳಿತು, ಆ ಕಾರ್ಡನ್ನು ಬರೆದಿಡಿ.